ಫುಟ್‌ಬಾಲ್ ಪ್ಯಾಕೇಜ್: ವರ್ಷದ್ದಾ, ತಿಂಗಳದ್ದಾ, ಬರೀ ಹೈಲೈಟ್ಸ್ ಸಾಕಾ?

ದುಡ್ಡು ಕಟ್ಟಿ ಫುಟ್‌ಬಾಲ್ ನೋಡಬೇಕಾ ಬೇಡವಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ವಾರಕ್ಕೆ ಎಷ್ಟು ಪಂದ್ಯ ಪೂರ್ತಿ ಕೂತು ನೋಡುತ್ತೀರಿ? ಮೊದಲ ವಿಸಲ್‌ನಿಂದ ಕೊನೆಯ ವಿಸಲ್‌ವರೆಗೆ, ಫೋನ್ ಪಕ್ಕಕ್ಕಿಟ್ಟು. ಈ ಲೆಕ್ಕ ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ನಾನು ಡಿಶ್‌ನಲ್ಲಿ ಇಡೀ ವರ್ಷದ ಪ್ಯಾಕೇಜ್ ಹಾಕಿಸಿ ನೋಡಿದ್ದೇನೆ, ಆಪ್‌ನಲ್ಲಿ ಬೇಕಾದ ತಿಂಗಳಿಗೆ ಮಾತ್ರ ಕಟ್ಟಿ ನೋಡಿದ್ದೇನೆ, ನನ್ನ ತಂಡದ ಸ್ವಂತ ಚಾನೆಲ್‌ಗೂ ಸೇರಿದ್ದೇನೆ, ಒಂದು ಸೀಸನ್ ಪೂರ್ತಿ ಬಿಟ್ಟಿ ಹೈಲೈಟ್ಸ್‌ನಲ್ಲೇ ಕಳೆದಿದ್ದೇನೆ.

ವರ್ಷದ ಪ್ಯಾಕೇಜ್ ನಮ್ಮನ್ನು ಎಳೆಯುವುದೇ ಪಂದ್ಯಗಳ ಸಂಖ್ಯೆಯಿಂದ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಒಂದರಲ್ಲೇ ಸೀಸನ್‌ಗೆ 380 ಪಂದ್ಯ. ಆದರೆ ಇರುವುದು 20 ತಂಡ, ಒಂದೊಂದು ಆಡುವುದು 38. ಅಂದರೆ ಒಂದೇ ತಂಡದ ಹಿಂದೆ ಇರುವವನಿಗೆ ಹತ್ತರಲ್ಲಿ ಒಂದು ಪಂದ್ಯ ಮಾತ್ರ ತನ್ನದು. ಮಿಕ್ಕಿದ್ದನ್ನು ಸಮಯ ಇದ್ದಾಗ ನೋಡೋಣ ಅಂದುಕೊಳ್ಳುತ್ತೇವೆ, ಆ ಸಮಯ ಬರುವುದೇ ಇಲ್ಲ. ಅದರ ಮೇಲೆ ಜೂನ್, ಜುಲೈನಲ್ಲಿ ಯುರೋಪಿನ ದೊಡ್ಡ ಲೀಗ್‌ಗಳಿಗೆ ರಜೆ. ಸೀಸನ್ ನಡುವೆಯೂ ದೇಶದ ತಂಡಗಳು ಆಡುವ ವಾರಗಳಲ್ಲಿ ಲೀಗ್ ನಿಲ್ಲುತ್ತದೆ. ನಮ್ಮ ದುಡ್ಡು ಮಾತ್ರ ನಿಲ್ಲುವುದಿಲ್ಲ.

ಇನ್ನೊಂದು ವಿಷಯ ನನಗೆ ನಿಜವಾಗಿಯೂ ಸಿಟ್ಟು ತರಿಸುತ್ತದೆ. ಎಲ್ಲಾ ಫುಟ್‌ಬಾಲ್ ಒಂದೇ ಕಡೆ ಸಿಗುವುದಿಲ್ಲ. ಲೀಗ್ ಒಬ್ಬರ ಹತ್ತಿರ, ಯುರೋಪಿನ ದೊಡ್ಡ ಕ್ಲಬ್‌ಗಳು ಸೆಣಸುವ ಚಾಂಪಿಯನ್ಸ್ ಲೀಗ್ ಇನ್ನೊಬ್ಬರ ಹತ್ತಿರ, ಕಪ್ ಪಂದ್ಯಗಳು ಮತ್ತೊಬ್ಬರ ಹತ್ತಿರ ಇರುವುದು ಮಾಮೂಲು. ಬ್ರಿಟನ್‌ನಲ್ಲಿ ಪ್ರೀಮಿಯರ್ ಲೀಗ್‌ನ ಎಲ್ಲಾ ಪಂದ್ಯಗಳನ್ನು ಒಂದೇ ಕಂಪನಿ ಕೊಳ್ಳಬಾರದು ಅಂತ 2007ರ ಸೀಸನ್‌ನಿಂದ ವ್ಯವಸ್ಥೆ ಬದಲಾಯಿತು. ಪೈಪೋಟಿ ಬರಲಿ, ನೋಡುವವರಿಗೆ ಒಳ್ಳೆಯದಾಗಲಿ ಅನ್ನುವುದು ಉದ್ದೇಶ. ಆದದ್ದು ಏನು? ಮೊದಲು ಒಂದು ಕಡೆ ಕಟ್ಟುತ್ತಿದ್ದವರು ಎರಡು ಕಡೆ ಕಟ್ಟಬೇಕಾಯಿತು. ಇನ್ನೂ ಒಂದಿದೆ. ಅಲ್ಲಿ ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಟಿವಿಯಲ್ಲಿ ಲೈವ್ ಪಂದ್ಯ ತೋರಿಸುವ ಹಾಗಿಲ್ಲ, ಜನ ಸ್ಟೇಡಿಯಂಗೆ ಬರಲಿ ಅಂತ 1960ರ ದಶಕದಿಂದ ಬಂದ ಪದ್ಧತಿ. ಹೊರಗಿನ ದೇಶಗಳಿಗೆ ಈ ನಿರ್ಬಂಧ ಇಲ್ಲ, ಹಾಗಾಗಿ ಅಲ್ಲಿನವರಿಗೇ ಟಿವಿಯಲ್ಲಿ ಸಿಗದ ಪಂದ್ಯ ದೂರದಲ್ಲಿರುವವರಿಗೆ ಸಿಗುತ್ತದೆ!

ಹಾಗಂತ ವರ್ಷದ ಪ್ಯಾಕೇಜ್ ದಂಡ ಅಂತ ನಾನು ಹೇಳುವುದಿಲ್ಲ. ಸೀಸನ್‌ನ ಕೊನೆಯ ದಿನ ಹತ್ತೂ ಪಂದ್ಯ ಒಂದೇ ಹೊತ್ತಿಗೆ ಶುರುವಾಗುತ್ತವಲ್ಲ, ಅವತ್ತು ಕೈಯಲ್ಲಿ ರಿಮೋಟ್, ಮುಂದೆ ನಾಲ್ಕೈದು ಚಾನೆಲ್ ಇದ್ದರೆ ಆ ಮಜಾನೇ ಬೇರೆ. 2012ರ ಮೇ 13 ನೆನಪಿಸಿಕೊಳ್ಳಿ. ಸಂಡರ್‌ಲೆಂಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಗೆದ್ದು ಮೈದಾನದಲ್ಲೇ ಕಾಯುತ್ತಾ ನಿಂತಿತ್ತು, ಸಿಟಿ ಗೆಲ್ಲದಿದ್ದರೆ ಲೀಗ್ ಪ್ರಶಸ್ತಿ ಅದರದ್ದೇ. ಅತ್ತ ಮ್ಯಾಂಚೆಸ್ಟರ್ ಸಿಟಿಯ ಅಗುವೇರೊ 90 ನಿಮಿಷ ಮುಗಿದ ಮೇಲೆ ರೆಫರಿ ಸೇರಿಸಿದ ಸಮಯದಲ್ಲಿ ಗೋಲು ಹೊಡೆದು ಅದನ್ನು ಕಿತ್ತುಕೊಂಡ. ಒಂದೇ ಸ್ಕ್ರೀನ್, ಒಂದೇ ಪಂದ್ಯ ಅಂದರೆ ಆ ಕಥೆ ಅರ್ಧವೇ.

ತಿಂಗಳ ಲೆಕ್ಕದ ಆಪ್‌ಗೆ ಬಂದರೆ, ನನ್ನ ಜೇಬಿಗೆ ಹೊಂದಿದ್ದು ಇದೇ. ಬೇಕಾದಾಗ ಕಟ್ಟು, ಬೇಡವಾದಾಗ ನಿಲ್ಲಿಸು. ತಿಂಗಳ ದರ ನೋಡಿದರೆ ವರ್ಷದ್ದಕ್ಕಿಂತ ಜಾಸ್ತಿ ಅನ್ನಿಸುತ್ತದೆ, ಆದರೆ ನಾಲ್ಕೈದು ತಿಂಗಳಿಗೆ ಮಾತ್ರ ಕಟ್ಟುವವನಿಗೆ ಒಟ್ಟು ಖರ್ಚು ಕಡಿಮೆಯೇ. ನಿಲ್ಲಿಸುವ ಬಟನ್ ಎಲ್ಲಿದೆ ಅಂತ ಕಟ್ಟುವ ಮೊದಲೇ ಹುಡುಕಿಡಿ, ಯಾಕೆಂದರೆ ನಾವು ಸುಮ್ನೆ ಇದ್ದರೆ ಅದು ತಾನಾಗಿ ಮುಂದುವರಿಯುತ್ತದೆ.

ಇದರ ಕೊರತೆ ಒಂದೇ, ಆದರೆ ಸಣ್ಣದಲ್ಲ. ಇಂಟರ್ನೆಟ್‌ನಲ್ಲಿ ಬರುವ ಲೈವ್ ಡಿಶ್‌ಗಿಂತ ಹಿಂದೆ ಇರುತ್ತದೆ, ಕೆಲವೊಮ್ಮೆ ಅರ್ಧ ನಿಮಿಷಕ್ಕೂ ಮೇಲೆ. ನನ್ನ ಸ್ಕ್ರೀನ್‌ನಲ್ಲಿ ಪೆನಾಲ್ಟಿಗೆ ಚೆಂಡು ಇಡುತ್ತಿದ್ದಾರೆ, ಗೋಲ್‌ಕೀಪರ್ ಗೆರೆಯ ಮೇಲೆ ಕುಣಿಯುತ್ತಿದ್ದಾನೆ, ಉಸಿರು ಬಿಗಿಹಿಡಿದು ಕೂತಿದ್ದೇನೆ, ಅಷ್ಟರಲ್ಲಿ ಪಕ್ಕದ ಮನೆಯಿಂದ ಕೇಕೆ. ಮುಗಿಯಿತು. ಆಮೇಲೆ ಅವನು ಎಡಕ್ಕೆ ಹೊಡೆದನೋ ಬಲಕ್ಕೆ ಹೊಡೆದನೋ, ಯಾರಿಗೆ ಬೇಕು? ಈಗ ಪಂದ್ಯದ ಹೊತ್ತಿಗೆ ಸ್ಕೋರ್ ನೋಟಿಫಿಕೇಶನ್ ಆಫ್ ಮಾಡುತ್ತೇನೆ, ಗೆಳೆಯರ ಗುಂಪನ್ನೂ ಮ್ಯೂಟ್‌ಗೆ ಹಾಕುತ್ತೇನೆ. ಪಕ್ಕದ ಮನೆಗೆ ಮಾತ್ರ ಮದ್ದಿಲ್ಲ.

ಕ್ಲಬ್‌ನ ಸ್ವಂತ ಚಾನೆಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೀಗ್ ಪಂದ್ಯಗಳ ಹಕ್ಕನ್ನು ಲೀಗೇ ಒಟ್ಟಾಗಿ ಮಾರುವುದರಿಂದ ಅವು ಅಲ್ಲಿ ಲೈವ್ ಬರುವುದಿಲ್ಲ. ಸೀಸನ್ ಮುಂಚಿನ ಸ್ನೇಹಪಂದ್ಯ, ಕಿರಿಯರ ತಂಡ, ಸಂದರ್ಶನ, ತಡವಾಗಿ ಮರುಪ್ರಸಾರ, ಇಷ್ಟೇ. ಕಿರಿಯರ ಆಟ ನೋಡುವ ಹುಚ್ಚು ಇದ್ದವರು ಮಾತ್ರ ತಗೊಳ್ಳಿ.

ಇನ್ನು ಬಿಟ್ಟಿ ಹೈಲೈಟ್ಸ್. ಗೋಲು, ರೆಡ್ ಕಾರ್ಡ್, ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಗಲಾಟೆ ಎಲ್ಲಾ ಸಿಗುತ್ತೆ, ಸಮಯವೂ ಉಳಿಯುತ್ತೆ. ಆದರೆ ಆಟ ಸಿಗಲ್ಲ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಅನ್ನು 2024ರಲ್ಲಿ ಗೆದ್ದದ್ದು ಮಿಡ್‌ಫೀಲ್ಡರ್ ರೋಡ್ರಿ. ಹೈಲೈಟ್ಸ್ ಮಾತ್ರ ನೋಡುವವರಿಗೆ ಅವನಿಗೆ ಯಾಕೆ ಕೊಟ್ಟರು ಅಂತ ಅರ್ಥವೇ ಆಗುವುದಿಲ್ಲ, ಯಾಕೆಂದರೆ ಅವನ ಕೆಲಸ ಎಲ್ಲಾ ಗೋಲಿಗೆ ಮುಂಚೆ, ಕ್ಯಾಮೆರಾ ಬಿಟ್ಟುಬಿಡುವ ಜಾಗದಲ್ಲಿ ನಡೆಯುತ್ತದೆ. 2019ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಲಿವರ್‌ಪೂಲ್ ಬಾರ್ಸಿಲೋನಾವನ್ನು 4-0ಯಿಂದ ಸೋಲಿಸಿದ ಪಂದ್ಯ ತಗೊಳ್ಳಿ. ಎರಡು ಪಂದ್ಯಗಳ ಗೋಲು ಕೂಡಿಸಿ ಗೆದ್ದವರನ್ನು ನಿರ್ಧರಿಸುವ ಲೆಕ್ಕ ಅದು. ಬಾರ್ಸಿಲೋನಾದ ಮೈದಾನದಲ್ಲಿ ಮೊದಲ ಪಂದ್ಯ 3-0ಯಿಂದ ಸೋತಿದ್ದ ಲಿವರ್‌ಪೂಲ್, ತನ್ನ ಮೈದಾನದ ಈ ಎರಡನೆಯದರಲ್ಲಿ 56ನೇ ನಿಮಿಷಕ್ಕೆ ಲೆಕ್ಕ ಸಮ ಮಾಡಿತು. 79ರಲ್ಲಿ ಬಾರ್ಸಿಲೋನಾ ಸಿದ್ಧವಾಗುವ ಮುಂಚೆಯೇ ಹೊಡೆದ ಚುರುಕು ಕಾರ್ನರ್, ಲಿವರ್‌ಪೂಲ್‌ನ ಒರಿಗಿಯ ಗೋಲು. ಹೈಲೈಟ್ಸ್‌ನಲ್ಲಿ ಎರಡೂ ಬೆನ್ನಿಗೆ ಬೆನ್ನಿಗೆ ಬರುತ್ತವೆ. ನಡುವಿನ 23 ನಿಮಿಷ ಎಲ್ಲಿ? ಒಟ್ಟು ಗೋಲು ಸಮವಾದರೆ ಎದುರಾಳಿ ಮೈದಾನದಲ್ಲಿ ಹೊಡೆದ ಗೋಲಿಗೆ ಆಗ ಹೆಚ್ಚು ಬೆಲೆ ಇತ್ತು, ಬಾರ್ಸಿಲೋನಾ ಒಂದೇ ಒಂದು ಹೊಡೆದಿದ್ದರೂ ಲಿವರ್‌ಪೂಲ್‌ಗೆ ಮತ್ತೆರಡು ಬೇಕಾಗುತ್ತಿತ್ತು. ಎದೆ ಹೊಡೆದುಕೊಳ್ಳುವುದು ಆ 23 ನಿಮಿಷದಲ್ಲಿ. ನಾನು ದುಡ್ಡು ಕಟ್ಟುವುದೂ ಅದಕ್ಕೇ.

ಹಾಗಾಗಿ, ವಾರಕ್ಕೆ ಮೂರ್ನಾಲ್ಕು ಪಂದ್ಯ ಪೂರ್ತಿ ನೋಡುವವರು, ಎರಡು ಮೂರು ಲೀಗ್ ಹಿಂಬಾಲಿಸುವವರು, ಒಂದೇ ಮನೆಯಲ್ಲಿ ಬೇರೆ ಬೇರೆ ತಂಡಕ್ಕೆ ಕೂಗುವವರು ವರ್ಷದ ಪ್ಯಾಕೇಜ್ ಕಣ್ಣು ಮುಚ್ಚಿ ತಗೊಳ್ಳಿ, ಅದರಲ್ಲೂ ಡಿಶ್‌ನದ್ದು. ನನ್ನ ಹಾಗೆ ಒಂದೇ ತಂಡ, ವಾರಕ್ಕೆ ಒಂದು ಪಂದ್ಯ ಅನ್ನುವವರಿಗೆ ತಿಂಗಳದ್ದೇ ಸರಿ. ನಾನು ಆಗಸ್ಟ್‌ನಲ್ಲಿ ಹೊಸ ಆಟಗಾರರನ್ನು ನೋಡಲು ಕಟ್ಟುತ್ತೇನೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಹೈಲೈಟ್ಸ್‌ನಲ್ಲಿ ಕಾಲ ಹಾಕುತ್ತೇನೆ, ಪಂದ್ಯಗಳು ಒತ್ತೊತ್ತಾಗಿ ಬರುವ ಡಿಸೆಂಬರ್‌ಗೆ ಮತ್ತೆ ಕಟ್ಟುತ್ತೇನೆ. ಮಾರ್ಚ್‌ನಿಂದ ಮೇವರೆಗೆ ಬಿಡುವ ಮಾತೇ ಇಲ್ಲ, ತಂಡ ಪಟ್ಟಿಯಲ್ಲಿ ಎಷ್ಟನೇ ಜಾಗದಲ್ಲಿದ್ದರೂ.