‘ಚಾಲೆಂಜರ್ ಡೀಪ್’: ಗೊಂದಲದೊಳಗಿಂದಲೇ ಹೇಳಿದ ಕಥೆ

ಅಮೆರಿಕದ ಲೇಖಕ ನೀಲ್ ಶಸ್ಟರ್‌ಮನ್ ಅವರ ‘ಚಾಲೆಂಜರ್ ಡೀಪ್’ 2015ರಲ್ಲಿ ಪ್ರಕಟವಾಗಿ, ಅದೇ ವರ್ಷ ಕಿರಿಯರ ಸಾಹಿತ್ಯ ವಿಭಾಗದಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಕಾದಂಬರಿ. ಹದಿನೈದು ವರ್ಷದ ಕೇಡನ್ ಬಾಶ್ ಇದರ ನಿರೂಪಕ. ಒಂದೆಡೆ ಅವನ ಮನೆ, ಶಾಲೆ, ಗೆಳೆಯರು. ಇನ್ನೊಂದೆಡೆ ಒಕ್ಕಣ್ಣಿನ ಕಪ್ತಾನನೂ ಮಾತನಾಡುವ ಗಿಳಿಯೂ ಇರುವ, ಪೆಸಿಫಿಕ್ ಸಾಗರದಡಿಯ ಮರಿಯಾನಾ ಕಂದರದ ಅತ್ಯಂತ ಆಳದ ತಾಣವಾದ ‘ಚಾಲೆಂಜರ್ ಡೀಪ್’ಗೆ ಹೊರಟ ಹಡಗು.

ಈ ಎರಡು ಲೋಕಗಳಿಗೆ ಏನು ಸಂಬಂಧವೆಂಬುದು ಬಹಳ ಪುಟಗಳವರೆಗೆ ಹೊಳೆಯುವುದಿಲ್ಲ. ಬೇಸತ್ತು ಪುಸ್ತಕವನ್ನು ಪಕ್ಕಕ್ಕಿಡುವವರೂ ಇದ್ದಾರು. ಆದರೆ ಕಾದಂಬರಿಯ ಸತ್ವ ಇರುವುದೇ ಈ ಗೊಂದಲದಲ್ಲಿ. ಶಾಲೆಯ ಹುಡುಗನೊಬ್ಬ ತನ್ನನ್ನು ಕೊಲ್ಲಬೇಕೆಂದಿದ್ದಾನೆ ಎಂಬ ಕೇಡನ್‌ನ ಶಂಕೆಯನ್ನಾಗಲಿ, ಓಟದ ತಂಡ ಸೇರಿದ್ದೇನೆಂದು ಮನೆಯವರನ್ನು ನಂಬಿಸಿ ಊರೆಲ್ಲ ನಡೆಯುತ್ತಲೇ ಇರುವ ಅವನ ಚಡಪಡಿಕೆಯನ್ನಾಗಲಿ ಲೇಖಕರು ರೋಗಲಕ್ಷಣವೆಂದು ಬಿಡಿಸಿ ಹೇಳುವುದಿಲ್ಲವಾದ್ದರಿಂದ, ಅವನ ತಂದೆತಾಯಿಯಂತೆ ನಾವೂ ತಡವಾಗಿಯೇ ಎಚ್ಚೆತ್ತುಕೊಳ್ಳುತ್ತೇವೆ. ಅವನು ಮನೋರೋಗ ಚಿಕಿತ್ಸಾ ಘಟಕಕ್ಕೆ ದಾಖಲಾದ ಮೇಲೆ ಹಡಗಿನ ಒಬ್ಬೊಬ್ಬರ ಗುರುತೂ ಸಿಗತೊಡಗುತ್ತದೆ: ನಕ್ಷೆಗಳ ಗೀಳಿನ ನಾವಿಕ ಅವನ ಕೋಣೆಯ ಜೊತೆಗಾರ, ಗಿಳಿಯ ಹಿಂದಿರುವವರು ವೈದ್ಯ ಪೊಯರೋ, ಹಡಗಿನ ಮೇಲ್ತುದಿಯಲ್ಲಿ ಕುಡಿಸುವ ಪಾನೀಯಗಳು ಔಷಧಿಗಳು. ಮೊದಲ ಭಾಗವನ್ನು ಮತ್ತೆ ಓದಬೇಕೆನಿಸುವುದು ಆಗ.

ಔಷಧಿಯ ವಿಷಯದಲ್ಲಿ ಈ ಪುಸ್ತಕ ತೋರುವ ಪ್ರಾಮಾಣಿಕತೆ ನನಗೆ ವಿಶೇಷವಾಗಿ ಹಿಡಿಸಿತು. ಮಾತ್ರೆಗಳು ಭ್ರಮೆಯನ್ನು ಹತ್ತಿಕ್ಕುವಾಗ ಅವನ ಯೋಚನೆಯನ್ನೂ ಮಂಕಾಗಿಸುತ್ತವೆ. ಹಾಗೆಂದು ಲೇಖಕರು ಚಿಕಿತ್ಸೆಯನ್ನು ಹಳಿಯುವುದಿಲ್ಲ, ವೈದ್ಯರನ್ನು ಖಳರಾಗಿಸುವುದೂ ಇಲ್ಲ. ಇದಕ್ಕೆ ಹಿನ್ನೆಲೆಯಾಗಿರುವುದು ಲೇಖಕರ ಮಗ ಬ್ರೆಂಡನ್‌ನ ಮನೋರೋಗದ ಅನುಭವ. ಅನಾರೋಗ್ಯ ತೀವ್ರವಾಗಿದ್ದಾಗ ಬ್ರೆಂಡನ್ ಬಿಡಿಸಿದ ರೇಖಾಚಿತ್ರಗಳು ಪುಸ್ತಕದಲ್ಲಿವೆ, ಮತ್ತು ಕೆಲವೆಡೆ ಅವು ಪಕ್ಕದ ಗದ್ಯವನ್ನೂ ಮೀರಿಸುತ್ತವೆ.

ಕೊರತೆಗಳೂ ಇವೆ. ಹಡಗಿಗೂ ಆಸ್ಪತ್ರೆಗೂ ಇರುವ ಹೋಲಿಕೆಗಳು ಕೊನೆಕೊನೆಗೆ ಒಗಟಿನ ಉತ್ತರಗಳಂತೆ ಸಾಲಾಗಿ ಹೊಂದಿಕೊಳ್ಳುತ್ತವೆ. ಅಷ್ಟು ಅಚ್ಚುಕಟ್ಟು ಈ ವಸ್ತುವಿಗೆ ಒಗ್ಗುವುದಿಲ್ಲ. ತಂಗಿ ಮೆಕೆಂಜಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು. ಅಂತ್ಯದ ಬಗ್ಗೆ ಮಾತ್ರ ತಕರಾರಿಲ್ಲ: ಕೇಡನ್ ಪೂರ್ತಿ ಗುಣವಾದನೆಂದು ಘೋಷಿಸುವ ಆಮಿಷಕ್ಕೆ ಲೇಖಕರು ಬಲಿಯಾಗಿಲ್ಲ.

ಅಧ್ಯಾಯಗಳು ಪುಟ್ಟವು, ಇಂಗ್ಲಿಷ್ ಸರಳ. ಪ್ರೌಢಶಾಲೆಯ ಮೇಲಿನ ತರಗತಿಯವರು ಓದಬಲ್ಲರು. ಆತ್ಮಹತ್ಯೆಯ ಪ್ರಯತ್ನದ ಪ್ರಸಂಗವೊಂದು ಇರುವುದರಿಂದ, ಮಕ್ಕಳ ಕೈಗೆ ಕೊಡುವ ಮುನ್ನ ಹಿರಿಯರು ತಾವೊಮ್ಮೆ ಓದಿಕೊಳ್ಳುವುದು ಒಳಿತು.