ಲಾಕ್‌ಡೌನ್ ಸಂಗೀತ ಕಚೇರಿಗಳು: ಲೈವಾ, ಟಿಕೆಟ್ಟಾ, ಕ್ಯಾಸೆಟ್ಟಾ, ರೇಡಿಯೋನಾ?

2020ರ ಯುಗಾದಿ ಬಂದಿದ್ದು ಮಾರ್ಚ್ 25ಕ್ಕೆ, ದೇಶಕ್ಕೆಲ್ಲಾ ಬೀಗ ಬಿದ್ದಿದ್ದೂ ಅವತ್ತೇ. ಬೇವು ಬೆಲ್ಲ ಬಾಯಿಗೆ ಹಾಕ್ಕೊಂಡು ನಮ್ಮಮ್ಮ ಕೇಳಿದ ಮೊದಲ್ನೇ ಮಾತು "ಹಾಗಾದ್ರೆ ಕೋಟೆ ಹೈಸ್ಕೂಲ್ ಸಂಗೀತ ಕಚೇರಿ ಕಥೆ ಏನೋ?" ಅಂತ. ಹಾಲು ಸಿಗುತ್ತೋ ಇಲ್ವೋ, ಶುಗರ್ ಮಾತ್ರೆ ಇನ್ನೆಷ್ಟ್ ದಿನಕ್ಕಿದೆ ಅಂತ ನಾನು ಲೆಕ್ಕ ಹಾಕ್ತಾ ಇದ್ರೆ ಇವಳಿಗೆ ರಾಮನವಮಿ ಚಿಂತೆ. ತಪ್ಪಿಲ್ಲ ಬಿಡಿ. ರಾಮನವಮಿಗೆ ಬೆಂಗಳೂರಿನ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಹಾಕೋ ಸಂಗೀತದ ಪೆಂಡಾಲಿಗೆ ವರ್ಷಾ ವರ್ಷಾ ಹೋಗಿ, ಟಿಕೆಟ್ ತಗೊಂಡ್ರೂ ಸರಿ ಹೊರಗಡೆ ಕಲ್ಲಿನ ಮೇಲೆ ಕೂತ್ರೂ ಸರಿ, ಮಂಗಳ ಹಾಡೋವರೆಗೂ ಏಳದ ಪೈಕಿ ಅವಳು. 71 ವರ್ಷ, ಶುಗರ್ರು, ಬಿಪಿ ಎರಡೂ ಇದೆ, ಹಾಗಾಗಿ ಆ ವರ್ಷ ಗೇಟು ದಾಟೋ ಮಾತೇ ಇರ್ಲಿಲ್ಲ.

ಅವಳಿಗೋಸ್ಕರ, ಆಮೇಲೆ ನನಗೋಸ್ಕರಾನೂ, ಹೆಚ್ಚುಕಮ್ಮಿ ಎರಡು ವರ್ಷ ಮನೇಲೇ ಸಂಗೀತ ಕೇಳೋಕೆ ಏನೇನು ದಾರಿ ಇದ್ಯೋ ಎಲ್ಲಾ ಟ್ರೈ ಮಾಡಿದ್ದೀನಿ. ಯಾವುದರ ಸೌಂಡು ಚೆನ್ನಾಗಿತ್ತು ಅನ್ನೋದು ಸುಲಭದ ಪ್ರಶ್ನೆ, ಆದ್ರೆ ಮೈಯಲ್ಲಿ ಜ್ವರ, ತಲೇಲಿ ಭಯ ಇದ್ದಾಗ ಯಾವುದು ಕಿವಿಗೆ ಇಳೀತು ಅಂತ ಕೇಳಿದ್ರೆ ಉತ್ತರ ಬೇರೇನೇ ಆಗುತ್ತೆ.

ಮೊದಲು ಸಿಕ್ಕಿದ್ದು ಫೇಸ್‌ಬುಕ್, ಯೂಟ್ಯೂಬ್ ಲೈವ್‌ಗಳು. ಏಪ್ರಿಲ್‌ನಲ್ಲಂತೂ ಸಂಜೆ ಆರಾದ್ರೆ ಸಾಕು, ಯಾರ ಪುಟ ತೆಗೆದ್ರೂ ಯಾರೋ ಒಬ್ರು ತಮ್ಮ ಮನೆ ಹಾಲ್‌ನಲ್ಲಿ ಕೂತು ಹಾಡ್ತಾ ಇದ್ರು, ಹಿಂದೆ ಗಾಡ್ರೇಜ್ ಬೀರು, ಪಕ್ಕದಲ್ಲಿ ಫ್ಯಾನು, ನಡುವೆ ಒಂದ್ಸಲ ಕುಕ್ಕರ್ ಕೂಗಿದ್ದೂ ಕೇಳಿದ್ದೀನಿ. ಅಮ್ಮನಿಗೆ ಅದೇ ಖುಷಿ. ಸ್ಟೇಜ್ ಮೇಲೆ ಜರತಾರಿ ಸೀರೇಲಿ ದೂರದಿಂದ ನೋಡ್ದೋರನ್ನ ಹೀಗೆ ಮನೆ ಸೀರೇಲಿ, ಕನ್ನಡಕ ಹಾಕ್ಕೊಂಡು, ಹತ್ತಿರದಿಂದ ನೋಡೋದು. "ಪಾಪ, ಇವ್ರ ಮನೇಲೂ ಗೋಡೆ ಬಿರುಕು ಬಿಟ್ಟಿದೆ ನೋಡೋ" ಅಂತ ಅರ್ಧ ಆಲಾಪನೆ ಅದರಲ್ಲೇ ಹೋಗ್ತಿತ್ತು. ಕೆಳಗಡೆ ಕಾಮೆಂಟ್‌ನಲ್ಲಿ ಕೈಮುಗಿಯೋ ಗುರುತುಗಳ ಸಾಲು, ನಡುವೆ "ಆಡಿಯೋ ಬರ್ತಿಲ್ಲ ಸರ್", "ನನಗೆ ಬರ್ತಿದೆ", "ಶ್ರುತಿ ಜಾಸ್ತಿ ಮಾಡಿ". ಆ ಗಲಾಟೆ ನಂಗೆ ಇಷ್ಟ ಆಯ್ತು ಅಂದ್ರೆ ನಗಬೇಡಿ, ಕಚೇರಿ ಮಧ್ಯ ಪಕ್ಕದವರು ಪಿಸುಗುಟ್ಟಿದ ಹಾಗೇನೇ ಇತ್ತು ಅದು.

ತೊಂದರೆ ಏನಂದ್ರೆ ಒಂಟಿ ಹಾಡು. ವಯೊಲಿನ್, ಮೃದಂಗದವರು ಅವರವರ ಮನೇಲಿ. ನೆಟ್ ಮೇಲೆ ಒಟ್ಟಿಗೆ ನುಡಿಸೋಣ ಅಂದ್ರೆ ಆಗಲ್ಲ, ಒಬ್ಬರ ಶಬ್ದ ಇನ್ನೊಬ್ಬರಿಗೆ ಸುಮಾರು 30 ಮಿಲಿಸೆಕೆಂಡ್ ಒಳಗೆ ತಲುಪದೇ ಇದ್ರೆ ತಾಳ ಕೈಗೆ ಸಿಗಲ್ಲ, ಮಾಮೂಲಿ ವಿಡಿಯೋ ಕಾಲ್‌ಗಳಲ್ಲಿ ಅದರ ಎಷ್ಟೋ ಪಟ್ಟು ತಡ ಆಗುತ್ತೆ. ಅದಕ್ಕೇ ಆಗ ಪರದೇನ ನಾಲ್ಕು ಚೌಕ ಮಾಡಿ ಒಬ್ಬೊಬ್ಬರೂ ಬೇರೆ ಬೇರೆ ರೆಕಾರ್ಡ್ ಮಾಡಿ ಜೋಡಿಸಿದ ವಿಡಿಯೋಗಳು ರಾಶಿ ರಾಶಿ ಬಂದ್ವಲ್ಲ, ನೋಡೋಕೆ ಚೆಂದ, ಆದ್ರೆ ಗಾಯಕ ಒಂದು ಸಂಗತಿ (ಅದೇ ಸಾಲನ್ನ ಇನ್ನೊಂದು ಥರ ತಿರುಗಿಸಿ ಹಾಡೋದು) ಹಾಕಿದ್ದಕ್ಕೆ ಮೃದಂಗದವನು ತಲೆ ಎತ್ತಿ ನಕ್ಕು ಉತ್ತರ ಕೊಡೋದಿರುತ್ತಲ್ಲ, ಅದು ಅಲ್ಲಿಲ್ಲ. ಹಾಡು ಮೊದಲೇ ಮುಗಿದುಹೋಗಿದೆ, ಇವನು ಆಮೇಲೆ ಹೆಡ್‌ಫೋನ್ ಹಾಕ್ಕೊಂಡು ಅದಕ್ಕೆ ಬಾರಿಸ್ತಿದ್ದಾನೆ. ಇದು ನಂಗೆ ಹೊಳೆದಿರ್ಲಿಲ್ಲ, ಎರಡ್ನೇ ವಿಡಿಯೋಗೇ ಅಮ್ಮ ಹಿಡಿದು ಹೇಳಿದ್ಲು. ಇನ್ನು ಲೈವ್ ನಡೀತಾ ಇರುವಾಗ್ಲೇ ಕಾಪಿರೈಟ್ ಅಂತ ಸೌಂಡ್ ಕಟ್ ಆಗಿದ್ದೂ ಉಂಟು, ಇನ್ನೂರು ವರ್ಷದ ಹಿಂದಿನ ಕೃತಿಗೆ ಯಾವ ಕಾಪಿರೈಟ್ ಮಾರಾಯ್ರೇ? ಯಾರೋ ಮಾರಿರೋ ರೆಕಾರ್ಡಿಂಗಿಗೂ ಇದಕ್ಕೂ ಹೋಲಿಕೆ ಇದೆ ಅಂತ ಯಂತ್ರ ತೀರ್ಮಾನ ಮಾಡಿಬಿಡುತ್ತೆ, ಒಂದೇ ರಾಗ ಒಂದೇ ಕೃತಿ ಅಂದ್ಮೇಲೆ ಹೋಲದೇ ಇನ್ನೇನು.

ಎರಡ್ನೇದು ಟಿಕೆಟ್ ಕಚೇರಿ. 2020ರ ಡಿಸೆಂಬರ್‌ನಲ್ಲಿ ಮದ್ರಾಸಿನ ಸೀಸನ್ನೇ, ಅಂದ್ರೆ ಅಲ್ಲಿ ವರ್ಷಾ ವರ್ಷಾ ನಡೆಯೋ ಸಂಗೀತೋತ್ಸವಾನೇ, ಆನ್‌ಲೈನ್ ಆಯ್ತು, ಮ್ಯೂಸಿಕ್ ಅಕಾಡೆಮಿಯಂಥ ಸಂಗೀತ ಸಂಸ್ಥೆಗಳೂ ಮನೆಗೇ ಬಂದ್ವು. ಅಮ್ಮ ಜನ್ಮದಲ್ಲಿ ಡಿಸೆಂಬರ್‌ಗೆ ಮದ್ರಾಸಿಗೆ ಹೋದವಳಲ್ಲ, ಇದು ಕೊರೋನಾ ಕೊಟ್ಟ ವರ ಅಂತ ನಾನು ಟಿವಿಗೆ ಲ್ಯಾಪ್‌ಟಾಪ್ ವೈರ್ ಚುಚ್ಚಿ, ಸ್ಪೀಕರ್ ಇಟ್ಟು, ಸಜ್ಜಿಗೆ ಮಾಡಿಸಿ ಕೂರಿಸಿದೆ. ಸೌಂಡು ಅಂದ್ರೆ ಸೌಂಡು, ಈ ಎಲ್ಲಾದರಲ್ಲಿ ಇದೇ ನಂಬರ್ ಒನ್, ತಂಬೂರಿ ತಂತಿ ತಂತೀನೂ ಬಿಡಿಸಿ ಕೇಳಿಸುತ್ತೆ, ನಾಲ್ಕು ಕ್ಯಾಮೆರಾ, ವಯೊಲಿನ್ ಬಿಲ್ಲಿನ ಕೂದಲೂ ಕಾಣುತ್ತೆ. ಆದ್ರೆ ತಾಳವಾದ್ಯದವರು ಮಾತ್ರ ನುಡಿಸೋ ತನಿ ಆವರ್ತನ ಮುಗಿದಾಗ ಖಾಲಿ ಹಾಲು. ಒಂದು ಚಪ್ಪಾಳೆ ಇಲ್ಲ. ಮೃದಂಗದವರು ಬೆವರು ಒರೆಸ್ಕೊಂಡು ಸುಮ್ನೆ ಮುಂದೆ ನೋಡಿದ್ರು, ಅಮ್ಮ ನಮ್ಮನೆ ಸೋಫಾ ಮೇಲೆ ಕೂತು ಒಬ್ಳೇ ಚಪ್ಪಾಳೆ ಹೊಡೆದ್ಲು. ನಂಗೆ ಅವತ್ತು ಗಂಟ್ಲು ಕಟ್ಟಿತು, ನಿಜ ಹೇಳ್ತೀನಿ.

ಒಂದ್ಸಲ ಬೇರೊಂದು ಕಡೆ ದುಡ್ಡು ಕಟ್ಟಿದ್ಮೇಲೆ ಲಿಂಕೇ ಬರಲಿಲ್ಲ, ಮೇಲ್ ಹಾಕಿದ್ರೆ ಮೂರು ದಿನ ಬಿಟ್ಟು "ನಿಮ್ಮ ಅನುಭವಕ್ಕೆ ರೇಟಿಂಗ್ ಕೊಡಿ" ಅಂತ ಉತ್ತರ. ಆದ್ರೂ ಟಿಕೆಟ್ ತಗೊಳ್ಳೋದು ಬಿಡ್ಲಿಲ್ಲ, ಯಾಕಂದ್ರೆ ಫ್ರೀ ಲೈವ್‌ನಲ್ಲಿ ಲೈಕ್ ಬರುತ್ತೆ, ಅಕ್ಕಿ ಬರಲ್ಲ. ದೊಡ್ಡ ಹೆಸರಿನೋರು ಹೇಗೋ ಬದುಕ್ತಾರೆ. ಘಟ, ಮೋರ್ಚಿಂಗ್ ನುಡಿಸ್ಕೊಂಡು, ಮದ್ವೆ ಮುಂಜಿ ಸೀಸನ್‌ನಲ್ಲೇ ವರ್ಷದ ಖರ್ಚು ದುಡೀತಿದ್ದೋರು ಏನ್ಮಾಡ್ಬೇಕು? ದುಡ್ಡಿನ ಲೆಕ್ಕದಲ್ಲಿ ನೋಡಿದ್ರೆ ನಾನು ಈ ಆಯ್ಕೇನೇ ಎಲ್ಲಕ್ಕಿಂತ ಮೇಲೆ ಇಡ್ತೀನಿ.

ಕಲಿಯೋದನ್ನೂ ಟ್ರೈ ಮಾಡ್ದೆ. ನಲವತ್ತೈದು ವಯಸ್ಸಿಗೆ ಝೂಮ್‌ನಲ್ಲಿ ಸರಳೆ ವರಸೆ, ಸಂಗೀತದ ಮೊಟ್ಟಮೊದಲ ಪಾಠ. ಗುಂಪಿನ ಕ್ಲಾಸು, ಫ್ರೀ ಅಕೌಂಟು, 40 ನಿಮಿಷಕ್ಕೆ ಕಟ್, ಸರಿಯಾಗಿ ನನ್ನ ಸರದಿ ಬಂದಾಗ್ಲೇ ಕಟ್, ಉಳಿದೋರ ಪುಣ್ಯ. ಅದಕ್ಕಿಂತ ಮಜಾ ಶ್ರುತಿ ಪೆಟ್ಟಿಗೇದು. ಟೀಚರ್ ಆ ಕಡೆ ಶ್ರುತಿ ಹಾಕಿದ್ದಾರೆ, ನಮಗೆ ಮೊದಲ ಎರಡು ಸೆಕೆಂಡ್ ಕೇಳಿ ಆಮೇಲೆ ಮಾಯ. ಝೂಮ್ ಲೆಕ್ಕದಲ್ಲಿ ಒಂದೇ ಸಮ ಬರೋ ಶಬ್ದ ಅಂದ್ರೆ ಫ್ಯಾನ್ ಥರದ್ದು, ತೆಗೆದು ಬಿಸಾಕಬೇಕಾದ್ದು. ನಮ್ಮ ಸಂಗೀತ ನಿಂತಿರೋದೇ ಆ ಒಂದೇ ಸಮದ ಶಬ್ದದ ಮೇಲೆ! ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಒಂದಿದೆ, ಅದನ್ನ ಆನ್ ಮಾಡಿದ್ರೆ ಸರಿ ಹೋಗುತ್ತೆ ಅಂತ ಗೊತ್ತಾಗೋಷ್ಟ್ರಲ್ಲಿ ಎರಡು ತಿಂಗಳು ಕಳೆದಿತ್ತು, ಜಂಟಿ ವರಸೆಗೆ ಬರೋಷ್ಟ್ರಲ್ಲಿ ನಾನೂ ಬಿಟ್ಟಾಗಿತ್ತು. ಕ್ಲಾಸು ಕೆಟ್ಟದ್ದಲ್ಲ, ದಿನವಿಡೀ ಆಫೀಸ್ ಮೀಟಿಂಗ್ ನಡೆದ ಅದೇ ಕುರ್ಚಿ ಅದೇ ಪರದೆ ಮುಂದೆ ಕೂತು ಸಾ ಪಾ ಸಾ ಅಂದ್ರೆ ಬಾಯಿಂದ ಬರೋದು ಆಫೀಸ್ ಧ್ವನೀನೇ.

ಸಂಗೀತ ಅಷ್ಟೇ ಅಲ್ಲ, ಚಿತ್ರಕಲೇನೂ ಪರದೆ ಮೇಲೆ ನೋಡಿದ್ವಿ, ಅದರ ವಿಷ್ಯ ಇಲ್ಲಿ ಸ್ವಲ್ಪ ಹೇಳ್ಬೇಕು. 2020ರ ಮೇನಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನೋರು ಡಚ್ ಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಬರೆದ 'ನೈಟ್ ವಾಚ್' ಚಿತ್ರದ 528 ಫೋಟೋ ತೆಗೆದು ಜೋಡಿಸಿ 44.8 ಗಿಗಾಪಿಕ್ಸೆಲ್‌ನಲ್ಲಿ, ಅಂದ್ರೆ 4,480 ಕೋಟಿ ಚುಕ್ಕೆಗಳಲ್ಲಿ, ನೆಟ್‌ಗೆ ಹಾಕಿದ್ರು. ನಾನೂ ಮಗಳೂ ಒಂದು ಭಾನುವಾರ ಪೂರ್ತಿ ಅದರೊಳಗೆ ಹೊಕ್ಕಿದ್ವಿ. ಹಿಗ್ಗಿಸ್ತಾ ಹೋದ್ರೆ ಒಬ್ಬನ ಕಣ್ಣಾಲಿ, ಅದರಲ್ಲಿ ಬಿಳಿ ಬಣ್ಣದ ಚುಕ್ಕೆ, ಇನ್ನೂ ಹಿಗ್ಗಿಸಿದ್ರೆ ಬಣ್ಣ ಬಿರಿದ ಗೆರೆಗಳು. ಅಲ್ಲಿಗೇ ಹೋಗಿ ನಿಂತಿದ್ರೂ ಅಷ್ಟು ಹತ್ರ ಯಾರು ಬಿಡ್ತಿದ್ರು? ಇಲ್ಲಿ ಪರದೆ ಗೆದ್ದಿತು, ಒಪ್ಪಿಬಿಟ್ಟೆ. ಅದೇ ಉತ್ಸಾಹದಲ್ಲಿ 2021ರ ಜನವರೀಲಿ ನಮ್ಮ ಚಿತ್ರಸಂತೆ ಆನ್‌ಲೈನ್ ಆದಾಗ ಕೂತ್ರೆ ಅರ್ಧ ಗಂಟೆಗೆ ಎದ್ದೆ. ಚಿತ್ರಸಂತೆ ಅಂದ್ರೆ ಕುಮಾರಕೃಪಾ ರಸ್ತೇಲಿ ಬಿಸಿಲಲ್ಲಿ ತಳ್ಳಾಡ್ಕೊಂಡು, ಜೋಳ ತಿನ್ಕೊಂಡು, ಊರಿಂದ ರಾತ್ರಿ ಬಸ್ಸಲ್ಲಿ ಬಂದು ಚಿತ್ರಾನ ಕಾಂಪೌಂಡಿಗೆ ಒರಗಿಸಿ ಕೂತ ಹುಡುಗನ ಹತ್ರ ಚೌಕಾಸಿ ಮಾಡೋಕೆ ಮನಸ್ಸು ಬರದೆ ಕೇಳಿದಷ್ಟು ಕೊಟ್ಟು ಬರೋದು. ಅದನ್ನ ಸಣ್ಣ ಸಣ್ಣ ಚೌಕಗಳಾಗಿ ಮಾಡಿ ಕೆಳಗೆ ರೇಟು ಹಾಕಿದ್ರೆ ಚಪ್ಪಲಿ ಕೊಳ್ಳೋ ಸೈಟಿನ ಹಾಗೆ ಕಾಣುತ್ತೆ. ಮಾಡ್ದೋರ ತಪ್ಪಲ್ಲ, ಆ ವರ್ಷ ಬೇರೆ ದಾರಿ ಇರ್ಲಿಲ್ಲ.

ಹಳೇ ಕ್ಯಾಸೆಟ್‌ಗಳನ್ನೂ ಅಟ್ಟದಿಂದ ಇಳಿಸಿದ್ವಿ. ಫಂಗಸ್ ಹಿಡಿದಿತ್ತು, ಪೆನ್ಸಿಲ್ ಹಾಕಿ ಸುತ್ತಿದ್ದಾಯ್ತು, ಎರಡು ರೀಲು ಟೇಪ್ ರೆಕಾರ್ಡರ್ ಹೊಟ್ಟೆ ಸೇರಿದ್ವು. ಒಂದರಲ್ಲಿ ಅಪ್ಪ ರೆಕಾರ್ಡ್ ಮಾಡುವಾಗ ಕೆಮ್ಮಿದ್ದು ಇತ್ತು. ಅಪ್ಪ ಹೋಗಿ ಹನ್ನೊಂದು ವರ್ಷ. ಆ ಕ್ಯಾಸೆಟ್ ಬಗ್ಗೆ ಹೋಲಿಕೆ ಬೇಡ.

ಈಗ 2021ರ ಏಪ್ರಿಲ್-ಮೇಗೆ ಬರ್ತೀನಿ. ಏಪ್ರಿಲ್ 25ಕ್ಕೆ ದೆಹಲೀಲಿ ಹಿಂದೂಸ್ತಾನಿ ಗಾಯಕ ಪಂಡಿತ್ ರಾಜನ್ ಮಿಶ್ರಾ ಕೋವಿಡ್‌ನಿಂದ ಹೋದ್ರು. ಅಣ್ಣ ತಮ್ಮ ಜೋಡಿಯಾಗೇ ಹಾಡ್ತಿದ್ದೋರು, ಒಂದು ದನಿ ನಿಂತೇ ಹೋಯ್ತು. ಎರಡು ದಿನ ಬಿಟ್ಟು ಇಲ್ಲಿ ಮತ್ತೆ ಲಾಕ್‌ಡೌನು. ಮೇ ಮೊದಲ ವಾರ ನಂಗೆ ಪಾಸಿಟಿವ್, ಮಹಡಿ ರೂಮಿಗೆ ಹಾಕಿದ್ರು. ಬೆರಳಿಗೆ ಆಕ್ಸಿಮೀಟರ್, 95, 94, ಮತ್ತೆ 95. ಹೊರಗಡೆ ಆಂಬುಲೆನ್ಸ್ ಸೈರನ್ ನಿಲ್ಲದ ದಿನಗಳವು, ನಿಮಗೂ ನೆನಪಿರುತ್ತೆ.

ಫೋನ್ ಕೈಲಿತ್ತು, ಜಗತ್ತಿನ ಸಂಗೀತ ಎಲ್ಲಾ ಅದರಲ್ಲಿತ್ತು, ಒಂದನ್ನೂ ಕೇಳೋಕಾಗ್ಲಿಲ್ಲ. ಒಂದು ಕಲ್ಯಾಣಿ ರಾಗ ಹಾಕ್ತೀನಿ, ಎರಡು ನಿಮಿಷಕ್ಕೆ ಬೇಡ ಅನ್ಸುತ್ತೆ, ಹಳೇ ಸಿನಿಮಾ ಹಾಡು, ಅದೂ ಬೇಡ, ಆಲಾಪನೆ ತಾರಕ್ಕೆ ಏರೋ ಹೊತ್ತಿಗೆ ಸರಿಯಾಗಿ ಗುಟ್ಕಾ ಜಾಹೀರಾತು, ಮೇಲಿಂದ ವಾಟ್ಸಾಪ್ ಇಳಿಯುತ್ತೆ, "ಅರ್ಜೆಂಟ್ ಬೆಡ್ ಬೇಕಿದೆ", ಅದರ ಕೆಳಗೇ "ಓಂ ಶಾಂತಿ". ಕಿವೀಲಿ ಸಂಗೀತ ಇದ್ರೂ ಹೆಬ್ಬೆಟ್ಟು ಬೇರೆ ಕೆಲ್ಸ ಮಾಡ್ತಾ ಇರುತ್ತೆ. ಮೂರ್ನೇ ದಿನ ನನ್ನ ಹೆಂಡ್ತಿ ಗಂಜಿ ಜೊತೆ ಅಡುಗೆಮನೆ ರೇಡಿಯೋನ ಬಾಗ್ಲಲ್ಲಿ ಇಟ್ಟು ಹೋದ್ಲು. ಎರಡು ಸೆಲ್ಲಿನ ಸಣ್ಣ ಡಬ್ಬ, ಏರಿಯಲ್ ಅರ್ಧ ಮುರಿದಿದೆ, ಆಕಾಶವಾಣಿಯ ಅಮೃತವರ್ಷಿಣಿ, 100.1. ಸೌಂಡು ತಗಡು, ಮೃದಂಗದ ಎಡಭಾಗದ ನಾದ ಅಂತೂ ಕೇಳಿಸೋದೇ ಇಲ್ಲ, ನಡುವೆ ಮಾಸ್ಕ್ ಹಾಕಿ ಕೈ ತೊಳೀರಿ ಅಂತ ಸೂಚನೆ. ಆದ್ರೆ ನಾನು ಏನೂ ಆರಿಸ್ಬೇಕಾಗಿರ್ಲಿಲ್ಲ. ಯಾರೋ ಕೂತು ಇವತ್ತು ಬೆಳಿಗ್ಗೆ ಇದು, ಮಧ್ಯಾಹ್ನ ವೀಣೆ, ಆಮೇಲೆ ಹಿಂದೂಸ್ತಾನಿ ಅಂತ ತೀರ್ಮಾನ ಮಾಡಿಟ್ಟಿದ್ದಾರೆ, ನನ್ನ ಕೆಲ್ಸ ಬೋರಲು ಮಲಗಿ ಉಸಿರಾಡೋದು ಅಷ್ಟೇ. ಇಷ್ಟ ಇಲ್ದೇ ಇರೋ ರಾಗ ಬಂದ್ರೂ ಸರಿ, ಅದು ಮುಗಿಯುತ್ತೆ, ಇನ್ನೊಂದು ಬರುತ್ತೆ. ಆ ಹತ್ತು ದಿನದಲ್ಲಿ ನಾನು ಪೂರ್ತಿ ಕೇಳಿದಷ್ಟು ಸಂಗೀತ ಹಿಂದಿನ ಹತ್ತು ವರ್ಷದಲ್ಲಿ ಕೇಳಿರ್ಲಿಲ್ಲ.

ರೇಡಿಯೋ ಮೇಲೆ ಹೋಗಿದ್ದಕ್ಕೆ ಕೆಳಗೆ ಅಮ್ಮನಿಗೆ ಮೊಬೈಲಲ್ಲಿ ಅದೇ ಸ್ಟೇಷನ್ ಹಾಕ್ಕೊಟ್ಟಿದ್ರು. ಆ್ಯಪ್‌ನಲ್ಲಿ ಬರೋದು ಎಫ್‌ಎಂಗಿಂತ ಸ್ವಲ್ಪ ಹಿಂದೆ ಇರುತ್ತಲ್ಲ, ಹಾಗಾಗಿ ಮೇಲೆ ನಂಗೆ ಮುಗಿದ ಸಾಲು ಮೆಟ್ಟಿಲ ಕೆಳಗಿಂದ ಮತ್ತೆ ಬರೋದು. ರಾಗ ಕಂಡುಹಿಡಿಯೋ ಪಂದ್ಯ ನಮ್ಮನೇಲಿ ಮೊದಲಿಂದ್ಲೂ ಇದೆ, ಇಷ್ಟು ವರ್ಷ ಯಾವಾಗ್ಲೂ ಅವಳೇ ಗೆಲ್ತಿದ್ದಿದ್ದು. ನಾನು ಮೇಲಿಂದ ಕೆಮ್ಮಿಕೊಂಡೇ "ಖರಹರಪ್ರಿಯ!" ಅಂತ ಕೂಗಿದ್ರೆ ಕೆಳಗಿಂದ "ಇನ್ನೂ ಶುರುವೇ ಆಗಿಲ್ವಲ್ಲೋ ಕಳ್ಳ, ಸುಮ್ನೆ ಮಲ್ಕೋ!"

ಹಾಗಾಗಿ ನನ್ನ ಓಟು ತಗಡು ಸೌಂಡಿನ ರೇಡಿಯೋಗೇ. ಆದ್ರೆ ಒಂದು ಷರತ್ತು, ಅದರಲ್ಲಿ ಬಂದಿದ್ದು ಹೆಚ್ಚುಪಾಲು ಹಳೇ ರೆಕಾರ್ಡಿಂಗು, ಹೊಸಬರಿಗೆ ಆ ಹೊತ್ತಲ್ಲಿ ಬೇಕಾಗಿದ್ದಿದ್ದು ನಿಮ್ಮ ಟಿಕೆಟ್ಟು. ಹುಷಾರಾಗಿದ್ದು ದುಡ್ಡಿದ್ರೆ ಟಿಕೆಟ್ ತಗೊಳ್ಳಿ, ಬೇಜಾರಾಗಿ ಜನ ಬೇಕು ಅನ್ನಿಸಿದ್ರೆ ಲೈವ್ ಹಾಕಿ ಕಾಮೆಂಟ್ ಓದಿ, ಜ್ವರ ಬಂದು ಮಲಗಿದ್ರೆ ಫೋನ್ ಇನ್ನೊಬ್ಬರ ಕೈಗೆ ಕೊಟ್ಟು ರೇಡಿಯೋ ಇಸ್ಕೊಳ್ಳಿ. ಫೋನ್‌ನಲ್ಲೇ ಎಫ್‌ಎಂ ಇದ್ರೂ ಆಗುತ್ತೆ, ವೈರಿನ ಇಯರ್‌ಫೋನ್ ಚುಚ್ಚಬೇಕು, ಅದೇ ಅದಕ್ಕೆ ಏರಿಯಲ್ಲು.

2022ರಲ್ಲಿ ಅಮ್ಮನ್ನ ಗಾಯನ ಸಮಾಜಕ್ಕೆ ಕರ್ಕೊಂಡು ಹೋದೆ, ಎರಡು ವರ್ಷದ ಮೇಲೆ ಮೊದಲ್ನೇ ಕಚೇರಿ. ತನಿ ಆವರ್ತನ ನಡೀತಿದ್ದಾಗ ಹಿಂದಿನ ಸಾಲಲ್ಲಿ ಯಾರೋ ಜೋರಾಗಿ ಕೆಮ್ಮಿದ್ರು, ಸುತ್ತಮುತ್ತ ಇದ್ದೋರೆಲ್ಲಾ ಒಟ್ಟಿಗೆ ತಿರುಗಿ ನೋಡಿದ್ರು. ಅಮ್ಮ ತಿರುಗಲಿಲ್ಲ. ಎಡಗೈಲಿ ಮಾಸ್ಕ್ ಮೂಗಿನ ಮೇಲಕ್ಕೆ ಎಳ್ಕೊಂಡ್ಲು, ಬಲಗೈ ತೊಡೆ ಮೇಲೆ ತಾಳ ಹಾಕೋದು ನಿಲ್ಲಿಸ್ಲಿಲ್ಲ.