ಬಿಟ್‌ಕಾಯಿನ್ ನೋಡ್ ಕಟ್ಟುವ ದಾರಿಗಳು: ಮೂವರು ಸೇರಿ ಮಾಡಿ ನೋಡಿದ್ದು

ಶನಿವಾರ ರಾತ್ರಿ ಬಿಟ್‌ಕಾಯಿನ್ ನೋಡ್, ಅಂದರೆ ಆ ನೆಟ್‌ವರ್ಕಿನ ವಹಿವಾಟುಗಳನ್ನು ಪರೀಕ್ಷಿಸುವ ಸಾಫ್ಟ್‌ವೇರ್, ಕಟ್ಟುತ್ತಿದ್ದೆ. ಹನ್ನೊಂದೂವರೆಗೆ ಕಂಪೈಲ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಕೆಲಸ) ನಿಂತುಹೋಯಿತು. ಅರ್ಧಕ್ಕಿಂತ ಜಾಸ್ತಿ ಮುಗಿದಿತ್ತು. ಸ್ಕ್ರೀನ್ ಮೇಲೆ ಇದ್ದದ್ದು ಇಷ್ಟೇ: ಸಿಸಿ1ಪ್ಲಸ್ ಅನ್ನೋ ಕಂಪೈಲರ್ ಪ್ರೋಗ್ರಾಂ 'ಕಿಲ್ಡ್'. ಯಾವ ಸಾಲಿನಲ್ಲಿ ತಪ್ಪು, ಏನು ತಪ್ಪು, ಒಂದೂ ಇಲ್ಲ. ನಾನು ಆ ಫೈಲ್ ತೆಗೆದು ಸಾಲು ಸಾಲಾಗಿ ಓದೋಕೆ ಶುರು ಮಾಡಿದೆ. ಫೋನಿನಲ್ಲಿದ್ದ ಹುಬ್ಬಳ್ಳಿ ಗೆಳೆಯ ತಡೆದ. "ಲೇ, ಕೋಡ್‌ನಾಗ ಏನೂ ಹುಡುಕಬ್ಯಾಡ. ಮೊದಲ ಕರ್ನಲ್ ಲಾಗ್ ನೋಡು" ಅಂದ. ಲಿನಕ್ಸ್‌ನ ಒಳಭಾಗ ಬರೆದಿಡುವ ದಾಖಲೆ ಅದು. ನೋಡಿದರೆ ಅಲ್ಲೇ ಇತ್ತು. ಮೆಮೊರಿ ಖಾಲಿಯಾಗಿ ಲಿನಕ್ಸೇ ಕಂಪೈಲರನ್ನು ನಿಲ್ಲಿಸಿತ್ತು.

ನನ್ನದು 4 ಜಿಬಿ ರ‍್ಯಾಮ್ ಇರುವ ರಾಸ್ಪ್‌ಬೆರಿ ಪೈ 4. ಪ್ರೊಸೆಸರ್‌ನಲ್ಲಿ ನಾಲ್ಕು ಕೋರ್ ಇದೆಯಲ್ಲ ಅಂತ ನಾಲ್ಕು ಫೈಲ್ ಒಟ್ಟಿಗೆ ಕಂಪೈಲ್ ಮಾಡೋಕೆ ಹೇಳಿದ್ದೆ. ನಾವು ಕಟ್ಟುತ್ತಿದ್ದ ನೋಡ್ ಬಿಟ್‌ಕಾಯಿನ್ ಕೋರ್ (ಮುಂದೆ ಬರೀ ಕೋರ್). ಅದರ ಜೊತೆಗೆ ಬರುವ ಸೂಚನೆಯಲ್ಲೇ ಕಂಪೈಲ್‌ಗೆ ಕನಿಷ್ಠ 1.5 ಜಿಬಿ ಮೆಮೊರಿ ಬೇಕು ಅಂತ ಬರೆದಿದ್ದಾರೆ. ನಾಲ್ಕನ್ನು ಒಟ್ಟಿಗೆ ಹಾಕಿದರೆ ನನ್ನ ಪುಟ್ಟ ಬೋರ್ಡಿಗೆ ತಡೆಯೋದಿಲ್ಲ. 2 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಕೊಟ್ಟು, ಒಂದು ಸಲಕ್ಕೆ ಒಂದೇ ಫೈಲ್ ಅಂತ ಹೇಳಿ ಮಲಗಿದೆ. ಬೆಳಿಗ್ಗೆ ಏಳುವಷ್ಟರಲ್ಲಿ ಮುಗಿದಿತ್ತು.

ನಾವು ಮೂವರು. ನಾನು ಬೆಂಗಳೂರಿನಲ್ಲಿ, ಉಬುಂಟು ಲ್ಯಾಪ್‌ಟಾಪ್ ಮತ್ತು ಈ ಪೈ. ಹುಬ್ಬಳ್ಳಿ ಗೆಳೆಯನದು ಫೆಡೋರಾ ಹಾಕಿದ ಡೆಸ್ಕ್‌ಟಾಪ್. ಮೂರನೆಯವಳು ಪುತ್ತೂರಿನವಳು, ಅವಳದು ಮ್ಯಾಕ್. ಬಿಟ್‌ಕಾಯಿನ್ ಬೆಲೆ ಏರಿತಾ ಇಳಿಯಿತಾ ಅನ್ನೋದು ನಮ್ಮ ವಿಷಯ ಅಲ್ಲ. ನೋಡ್ ಅನ್ನೋ ಸಾಫ್ಟ್‌ವೇರ್ ಒಳಗೆ ಹೇಗೆ ನಡೆಯುತ್ತೆ, ಅದರಲ್ಲಿ ನಾವೊಂದು ಬದಲಾವಣೆ ಮಾಡಿದರೆ ಏನಾಗುತ್ತೆ, ಅದನ್ನು ಕಲಿಯೋಕೆ ಕೂತವರು. ನಾಲ್ಕು ತಿಂಗಳು ವಾರಾಂತ್ಯದಲ್ಲಿ ಬೇರೆ ಬೇರೆ ದಾರಿ ಹಿಡಿದು ಕಟ್ಟಿ ನೋಡಿದೆವು.

ಮೊದಲು ರೆಡಿ ಬೈನರಿ, ಅಂದರೆ ಬೇರೆಯವರು ಕಂಪೈಲ್ ಮಾಡಿಟ್ಟ ಪ್ರೋಗ್ರಾಂ. ಇದರ ಬಗ್ಗೆ ಹೆಚ್ಚು ಹೇಳುವಂಥದ್ದು ಇಲ್ಲ. ಡೌನ್‌ಲೋಡ್ ಮಾಡಿ, ಜೊತೆಗೆ ಬರುವ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಪಟ್ಟಿ ಮತ್ತು ಅದರ ಮೇಲಿನ ಸಹಿಗಳನ್ನು ತಾಳೆ ನೋಡಿ, ಓಡಿಸಿದರೆ ಆಯಿತು. ಸಹಿ ಹಾಕುವವರು ಒಬ್ಬರಲ್ಲ, ಹಲವು ಜನ. ಕೋರ್‌ನ ಸೋರ್ಸ್ (ಮೂಲ ಕೋಡ್) ಒಳಗೆ ಇದನ್ನು ತಾಳೆ ನೋಡೋಕೇ ಒಂದು ಸ್ಕ್ರಿಪ್ಟ್ ಇದೆ, ಅದನ್ನೇ ಬಳಸಿ. ಸಹಿ ನೋಡದೆ ಓಡಿಸಬೇಡಿ. ನೋಡ್ ಓಡಿಸೋದು ಮಾತ್ರ ನಿಮ್ಮ ಗುರಿಯಾದರೆ ಇಷ್ಟು ಸಾಕು. ನಮಗೆ ಸಾಲಲಿಲ್ಲ, ಯಾಕಂದರೆ ನಾವು ಕೋಡ್ ಮುಟ್ಟಬೇಕಿತ್ತು.

ಎರಡನೆಯದು, ಸೋರ್ಸ್ ತಂದು, ಕಂಪ್ಯೂಟರಿನಲ್ಲಿ ಮೊದಲೇ ಇರುವ ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಜೊತೆ ಕಟ್ಟೋದು. ಹೆಚ್ಚಿನವರು ಇಲ್ಲಿಂದಲೇ ಶುರು ಮಾಡುತ್ತಾರೆ. ಇಲ್ಲಿ ಮೊದಲು ಎಡವೋದು ಹಳೆಯ ಪಾಠಗಳಿಂದ. ನೆಟ್‌ನಲ್ಲಿ ಸಿಗುವ ಬಹಳಷ್ಟು ಪಾಠಗಳು 'ಮೊದಲು ಆಟೋಜೆನ್ ಓಡಿಸಿ, ಆಮೇಲೆ ಕಾನ್ಫಿಗರ್ ಮಾಡಿ' ಅನ್ನುತ್ತವೆ. 2025ರ ಏಪ್ರಿಲ್‌ನಲ್ಲಿ ಬಂದ 29.0 ಆವೃತ್ತಿಯಿಂದ ಕೋರ್, ಕಟ್ಟೋಕೆ ಬಳಸುತ್ತಿದ್ದ ಆಟೋಟೂಲ್ಸ್ ಬಿಟ್ಟು ಸಿಮೇಕ್ ಅನ್ನೋ ಬೇರೆ ಸಾಧನಕ್ಕೆ ಬಂದಿದೆ. ಆಟೋಜೆನ್, ಕಾನ್ಫಿಗರ್ ಫೈಲುಗಳೇ ಈಗ ಇಲ್ಲ. ಪುತ್ತೂರಿನ ಗೆಳತಿ ಅರ್ಧ ದಿನ ಅದನ್ನೇ ಹುಡುಕಿದಳು. "ಫೈಲೇ ಇಲ್ಲ ಮಾರಾಯಾ, ಡೌನ್‌ಲೋಡ್ ಅರ್ಧಕ್ಕೆ ನಿಂತಿದೆಯಾ ಹೇಗೆ?" ಅಂತ ಕೇಳಿದ್ದಳು. ಪಾಠ ಯಾವ ವರ್ಷದ್ದು ಅಂತ ನೋಡಿಕೊಂಡೇ ಕೈ ಹಾಕಿ.

ಅದು ದಾಟಿದ ಮೇಲೆ ಬೇಕಾದ ಲೈಬ್ರರಿಗಳು: ಬೂಸ್ಟ್, ಲಿಬ್‌ಇವೆಂಟ್, ವಾಲೆಟ್‌ಗೆ ಎಸ್‌ಕ್ಯೂಲೈಟ್. ಉಬುಂಟುವಿನಲ್ಲಿ ಒಂದು ಆವೃತ್ತಿ, ಫೆಡೋರಾದಲ್ಲಿ ಇನ್ನೊಂದು, ಮ್ಯಾಕ್‌ನಲ್ಲಿ ಮತ್ತೊಂದು. ಮೂರೂ ಕಡೆ ಕಟ್ಟಿತು. ಒಬ್ಬರೇ ಕೂತು ಕೆಲಸ ಮಾಡುವವರಿಗೆ ಇದು ಚೆನ್ನಾಗೇ ಇದೆ, ಬೇಗವೂ ಆಗುತ್ತೆ. ಮೂವರು ಸೇರಿದಾಗ ಏನಾಯಿತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೊಸ ಬ್ಲಾಕ್ (ವಹಿವಾಟುಗಳ ಒಂದು ಕಟ್ಟು) ಬಂದಾಗ ಬೇರೆ ಪ್ರೋಗ್ರಾಂಗಳಿಗೆ ಸುದ್ದಿ ಕಳಿಸುವ ಭಾಗ ಕೋರ್‌ನಲ್ಲಿದೆ. ಝಡ್‌ಎಂಕ್ಯೂ ಅನ್ನೋ ಲೈಬ್ರರಿ ಬಳಸಿ ಕಳಿಸುತ್ತೆ. ಆ ಭಾಗದಲ್ಲಿ ನಾನೊಂದು ಸಣ್ಣ ಬದಲಾವಣೆ ಮಾಡಿದ್ದೆ. ಟೆಸ್ಟ್ ಓಡಿಸಿದೆ, ನನ್ನಲ್ಲಿ ಫೇಲ್. ಹುಬ್ಬಳ್ಳಿಯಲ್ಲಿ ಓಡಿಸಿದ, "ನಂದು ಎಲ್ಲಾ ಸರಿ ಐತಿ" ಅಂದ. ಹಾಗಾದರೆ ನನ್ನ ಉಬುಂಟುವಿನಲ್ಲೇ ಏನೋ ಆಗಿರಬೇಕು ಅಂತ ಲೈಬ್ರರಿ ಬದಲಿಸಿದೆ, ಮತ್ತೆ ಕಟ್ಟಿದೆ, ಪೋರ್ಟ್ ನೋಡಿದೆ, ಫೈರ್‌ವಾಲ್ ನೋಡಿದೆ. ಒಂದು ಸಂಜೆ ಪೂರ್ತಿ ಹೋಯಿತು. ಕೊನೆಗೆ ಅವನ ಟೆಸ್ಟ್ ಪಟ್ಟಿಯನ್ನು ಪೂರ್ತಿ ಕಳಿಸು ಅಂತ ಕೇಳಿದೆ. ಕೆಳಗಿನಿಂದ ಮೇಲಕ್ಕೆ ಓದುತ್ತಾ ಬಂದರೆ, ಆ ಟೆಸ್ಟಿನ ಮುಂದೆ 'ಪಾಸ್' ಇರಲೇ ಇಲ್ಲ. 'ಸ್ಕಿಪ್ಡ್' ಅಂತ ಇತ್ತು.

ಆಗಿದ್ದು ಇಷ್ಟು. ಸಿಮೇಕ್‌ನಲ್ಲಿ ಝಡ್‌ಎಂಕ್ಯೂ ತಾನಾಗೇ ಸೇರೋದಿಲ್ಲ, ಬೇಕು ಅಂತ ನಾವೇ ಹೇಳಬೇಕು. ನಾನು ಹೇಳಿದ್ದೆ, ಅವನು ಹೇಳಿರಲಿಲ್ಲ. ಆ ಭಾಗ ಇಲ್ಲದೆ ಕಟ್ಟಿದ ನೋಡ್‌ನಲ್ಲಿ ಆ ಟೆಸ್ಟ್ ಸುಮ್ನೆ ಪಕ್ಕಕ್ಕೆ ಸರಿಯುತ್ತೆ. ತಪ್ಪು ನನ್ನ ಬದಲಾವಣೆಯಲ್ಲೇ ಇತ್ತು. ಅವನಲ್ಲಿ ಆ ತಪ್ಪನ್ನು ಹಿಡಿಯುವ ಟೆಸ್ಟೇ ಓಡಿರಲಿಲ್ಲ. ಇಬ್ಬರ ಸೋರ್ಸ್ ಒಂದೇ, ಆದರೆ ಕಟ್ಟಿದ ನೋಡ್ ಬೇರೆ ಬೇರೆ.

ಇದು ನಮ್ಮ ಮೂವರ ಗೋಳು ಮಾತ್ರ ಅಲ್ಲ. 2013ರ ಮಾರ್ಚ್‌ನಲ್ಲಿ ಬಿಟ್‌ಕಾಯಿನ್ ಸರಪಳಿಯೇ (ಬ್ಲಾಕುಗಳ ಸಾಲು) ಕೆಲವು ಗಂಟೆ ಎರಡಾಗಿ ಒಡೆದಿತ್ತು. 0.8 ಆವೃತ್ತಿ ಡೇಟಾಬೇಸ್‌ಗೆ ಬರ್ಕ್ಲಿ ಡಿಬಿ ಬಿಟ್ಟು ಲೆವೆಲ್‌ಡಿಬಿ ಬಳಸೋಕೆ ಶುರು ಮಾಡಿತ್ತು. ಬರ್ಕ್ಲಿ ಡಿಬಿಯಲ್ಲಿ ಒಟ್ಟಿಗೆ ಎಷ್ಟು ಲಾಕ್ (ಒಂದು ಸಲಕ್ಕೆ ಒಬ್ಬರೇ ಮುಟ್ಟಲಿ ಅನ್ನೋ ಬೀಗ) ಹಿಡಿಯಬಹುದು ಅನ್ನೋದಕ್ಕೆ ಮಿತಿ ಇತ್ತು. ಒಂದು ದೊಡ್ಡ ಬ್ಲಾಕ್ ಬಂದಾಗ ಹಳೆಯ 0.7 ನೋಡ್‌ಗಳು ಆ ಮಿತಿ ಮುಟ್ಟಿ ಬ್ಲಾಕನ್ನು ತಳ್ಳಿಹಾಕಿದವು, 0.8 ಒಪ್ಪಿಕೊಂಡಿತು. ಆ ಮಿತಿ ಬಿಟ್‌ಕಾಯಿನ್ ನಿಯಮಗಳಲ್ಲಿ ಎಲ್ಲೂ ಬರೆದಿರಲಿಲ್ಲ, ಲೈಬ್ರರಿಯೊಳಗೆ ಅಡಗಿತ್ತು. ಮೈನರ್‌ಗಳು (ಹೊಸ ಬ್ಲಾಕ್ ಮಾಡುವವರು) 0.7ಕ್ಕೆ ಹಿಂತಿರುಗಿದ ಮೇಲೆ ಸರಿಯಾಯಿತು. ನೋಡ್ ವಿಷಯದಲ್ಲಿ 'ಯಾವ ಲೈಬ್ರರಿಯಾದರೂ ನಡೆಯುತ್ತೆ' ಅನ್ನೋ ಮಾತನ್ನು ನಾನು ಒಪ್ಪದಿರೋದು ಇದಕ್ಕೇ.

ಮೂರನೆಯ ದಾರಿ, ಕೋರ್ ಸೋರ್ಸ್ ಒಳಗೇ ಇರುವ 'ಡಿಪೆಂಡ್ಸ್' ಅನ್ನೋ ಫೋಲ್ಡರ್. ಝಡ್‌ಎಂಕ್ಯೂ ಸಂಜೆಯ ಮಾರನೇ ದಿನವೇ ಇದಕ್ಕೆ ಬಂದೆವು. ಇದು ಕಂಪ್ಯೂಟರಿನ ಲೈಬ್ರರಿಗಳನ್ನು ಮುಟ್ಟೋದೇ ಇಲ್ಲ. ಇಂಥದ್ದೇ ಆವೃತ್ತಿ, ಇಂಥದ್ದೇ ಹ್ಯಾಶ್ ಅಂತ ಗುರುತಿಟ್ಟ ಸೋರ್ಸ್ ತಂದು ತಾನೇ ಕಟ್ಟಿಕೊಳ್ಳುತ್ತೆ. ಕೊನೆಗೆ ಸಿಮೇಕ್‌ಗೆ ಕೊಡೋಕೆ ಒಂದು ಟೂಲ್‌ಚೈನ್ ಫೈಲ್ ಕೊಡುತ್ತೆ. ಯಾವ ಭಾಗ ಸೇರಬೇಕು ಅನ್ನೋದೂ ಆ ಫೈಲಿನಲ್ಲೇ ಇರೋದರಿಂದ, ಝಡ್‌ಎಂಕ್ಯೂ ಮೂವರಲ್ಲೂ ತಾನಾಗೇ ಸೇರಿತು. ಕಿಟಕಿ ಇರುವ ಆ್ಯಪ್ ಬೇಡ ಅಂದರೆ ಅದರ ಲೈಬ್ರರಿ ಕ್ಯೂಟಿ ಬೇಡ ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಅದೊಂದೇ ಬಹಳ ಹೊತ್ತು ತಿನ್ನುತ್ತೆ, ಪೈ ಮೇಲಂತೂ ಕೇಳಲೇಬೇಡಿ.

ಮೊದಲ ಸಲ ಕಾಯಬೇಕು, ಅದು ನಿಜ. ಡಿಸ್ಕ್ ಜಾಗವೂ ಹೋಗುತ್ತೆ. ಆಮೇಲೆ ಲೈಬ್ರರಿ ಬದಲಾಗದ ಹೊರತು ಮತ್ತೆ ಕಟ್ಟಬೇಕಿಲ್ಲ. ಜೊತೆಗೆ, ಹಿಂದೆ ಕಂಪೈಲ್ ಮಾಡಿದ್ದನ್ನು ನೆನಪಿಟ್ಟುಕೊಳ್ಳುವ ಸಿಕ್ಯಾಶ್ ಹಾಕಿಕೊಳ್ಳಿ. ಒಂದು ಫೈಲ್ ಬದಲಿಸಿ ಮತ್ತೆ ಕಟ್ಟುವಾಗ, ಬ್ರಾಂಚ್ ಬದಲಿಸಿ ವಾಪಸ್ ಬಂದಾಗ, ಅದು ಉಳಿಸುವ ಸಮಯ ಕೈಗೇ ಗೊತ್ತಾಗುತ್ತೆ. ಎರಡು ವಿಷಯ ಮಾತ್ರ ಡಿಪೆಂಡ್ಸ್ ಕೈಗೆ ಸಿಗೋದಿಲ್ಲ. ಕಂಪೈಲರ್ ನಿಮ್ಮದೇ. ಟೆಸ್ಟ್‌ಗೆ ಬೇಕಾದ ಪೈಥಾನ್ ಕಡೆಯ ಝಡ್‌ಎಂಕ್ಯೂ ಪ್ಯಾಕೇಜನ್ನೂ ನೀವೇ ಹಾಕಬೇಕು, ಇಲ್ಲದಿದ್ದರೆ ಮತ್ತೆ ಅದೇ 'ಸ್ಕಿಪ್ಡ್'.

ಕಂಪೈಲರನ್ನೂ ಒಂದೇ ಮಾಡಬೇಕು ಅಂದರೆ ಗೀಕ್ಸ್ ಇದೆ, ಕಟ್ಟುವ ವಾತಾವರಣವನ್ನೇ ಎಲ್ಲರಿಗೂ ಒಂದೇ ಮಾಡುವ ಸಾಧನ. 2021ರ ಸೆಪ್ಟೆಂಬರ್‌ನ 22.0 ಆವೃತ್ತಿಯಿಂದ ಕೋರ್‌ನ ಬಿಡುಗಡೆಗಳೆಲ್ಲ ಗೀಕ್ಸ್‌ನಲ್ಲೇ ತಯಾರಾಗುತ್ತವೆ, ಅದಕ್ಕೂ ಮುಂಚೆ ಅದೇ ಕೆಲಸಕ್ಕೆ ಗಿಟಿಯನ್ ಇತ್ತು. ಬೇರೆ ಬೇರೆ ದೇಶದ ಜನ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಕಟ್ಟಿ, ಬಂದ ಹ್ಯಾಶ್‌ಗೆ ಸಹಿ ಹಾಕುತ್ತಾರೆ. ಹುಬ್ಬಳ್ಳಿ ಗೆಳೆಯ ಒಂದು ಸಲ ಪೂರ್ತಿ ಮಾಡಿದ. ರಾತ್ರಿಯಿಡೀ ಡೆಸ್ಕ್‌ಟಾಪ್ ಓಡಿತು. ಬೆಳಿಗ್ಗೆ ಅವನ ಹ್ಯಾಶ್ ಮತ್ತು ಬೇರೆಯವರ ಹ್ಯಾಶ್ ಅಕ್ಷರಕ್ಕೆ ಅಕ್ಷರ ಒಂದೇ. ಅವನು ಅದನ್ನು ಫೋನಿನಲ್ಲಿ ಓದಿ ಹೇಳುವಾಗ ನನಗೂ ಮೈ ಜುಂ ಅಂದಿತು. ಬಿಡುಗಡೆಯ ನಂಬಿಕೆಗೆ ಇದಕ್ಕಿಂತ ಗಟ್ಟಿ ದಾರಿ ಇಲ್ಲ. ದಿನಕ್ಕೆ ಹತ್ತು ಸಲ ಕೋಡ್ ಬದಲಿಸುವ ಕೆಲಸಕ್ಕೆ ಮಾತ್ರ ಇದು ಆಗದು.

ಇನ್ನು ಬಿಟಿಸಿಡಿ. ಇದು ಬೇರೆಯದೇ ನೋಡ್, ಗೋ ಭಾಷೆಯಲ್ಲಿ ಮೊದಲಿನಿಂದ ಬರೆದದ್ದು. ಕಟ್ಟೋದರಲ್ಲಿ ಇದರ ಹತ್ತಿರ ಯಾವುದೂ ಬರೋದಿಲ್ಲ. ಗೋ ಇದ್ದರೆ ಒಂದು ಕಮಾಂಡ್, ಟೀ ಕುಡಿದು ಮುಗಿಸುವಷ್ಟರಲ್ಲಿ ರೆಡಿ. ಬೂಸ್ಟ್ ಇಲ್ಲ, ಸಿಮೇಕ್ ಇಲ್ಲ, ಲೈಬ್ರರಿಗಳ ಆವೃತ್ತಿಯೂ ಹ್ಯಾಶೂ ಪ್ರಾಜೆಕ್ಟ್ ಒಳಗಿನ ಫೈಲಿನಲ್ಲೇ ಬರೆದಿರುತ್ತೆ. ಪುತ್ತೂರಿನ ಗೆಳತಿಗೆ ಇದು ತುಂಬಾ ಹಿಡಿಸಿತು. "ಓದ್ಲಿಕ್ಕೆ ಎಷ್ಟು ಚಂದ ಉಂಟು ಮಾರಾಯಾ" ಅಂದಳು. ನಿಜವೇ. ಬ್ಲಾಕನ್ನು ಹೇಗೆ ಪರೀಕ್ಷೆ ಮಾಡುತ್ತಾರೆ ಅನ್ನೋದು ನನಗೆ ಮೊದಲು ಅರ್ಥವಾದದ್ದು ಬಿಟಿಸಿಡಿ ಕೋಡ್ ಓದಿ, ಆಮೇಲೆ ಕೋರ್‌ನ ಸಿ++ ಓದಿದ್ದು. ಏನಾದರೂ ಬಿದ್ದರೆ ಯಾವ ಫೈಲಿನ ಯಾವ ಸಾಲು ಅಂತ ಪಟ್ಟಿಯೇ ಬರುತ್ತೆ.

ಶುರುವಿನಲ್ಲಿ ಒಂದು ಕಡೆ ಎಲ್ಲರೂ ಸಿಕ್ಕಿಕೊಳ್ಳುತ್ತಾರೆ. ಕೋರ್‌ನ ಆರ್‌ಪಿಸಿ (ಬೇರೆ ಪ್ರೋಗ್ರಾಂಗಳು ನೋಡ್ ಜೊತೆ ಮಾತಾಡುವ ದಾರಿ) 8332 ಪೋರ್ಟ್, ಬಿಟಿಸಿಡಿಯದು 8334. ಅದೂ ಟಿಎಲ್‌ಎಸ್ ಅನ್ನೋ ಗೂಢಲಿಪಿ ಜೊತೆಗೇ ಬರುತ್ತೆ. ಕೋರ್‌ಗೆ ಬರೆದ ಸ್ಕ್ರಿಪ್ಟನ್ನು ಹಾಗೇ ತಿರುಗಿಸಿದರೆ ಕನೆಕ್ಷನ್ ಆಗೋದಿಲ್ಲ, ಸರ್ಟಿಫಿಕೇಟ್ ಫೈಲ್ ತೋರಿಸಬೇಕು. ವಾಲೆಟ್ ಕೂಡ ಒಳಗಿಲ್ಲ, ಬೇರೆ ಪ್ರೋಗ್ರಾಂ. ಮೊದಲಿನಿಂದ ಸಿಂಕ್ ಆಗೋದು (ಹಳೆಯ ಬ್ಲಾಕುಗಳನ್ನೆಲ್ಲ ತಂದು ಪರೀಕ್ಷಿಸೋದು) ನಮ್ಮಲ್ಲಿ ಕೋರ್‌ಗಿಂತ ಎಷ್ಟೋ ನಿಧಾನ ಆಯಿತು.

ಆದರೂ ನಾನು ಬಿಟಿಸಿಡಿಯನ್ನು ಓದೋಕೆ ಇಟ್ಟುಕೊಂಡು, ಓಡಿಸೋಕೆ ಕೋರ್ ಇಟ್ಟುಕೊಂಡದ್ದು ನಿಧಾನಕ್ಕಲ್ಲ, 2022ರಲ್ಲಿ ನಡೆದದ್ದಕ್ಕೆ. ಆ ಅಕ್ಟೋಬರ್‌ನಲ್ಲಿ ಯಾರೋ 999ರಲ್ಲಿ 998 ಸಹಿ ಬೇಕಾಗುವ ಟ್ಯಾಪ್‌ರೂಟ್ ಅನ್ನೋ ಬಗೆಯ ಒಂದು ವಹಿವಾಟು ಕಳಿಸಿದರು. ನಿಯಮದ ಪ್ರಕಾರ ಅದು ಸರಿ. ಕೋರ್ ಒಪ್ಪಿತು. ಬಿಟಿಸಿಡಿಯ ಬ್ಲಾಕ್ ಓದುವ ಭಾಗದಲ್ಲಿ ಹಳೆಯದೊಂದು ಮಿತಿ ಉಳಿದಿತ್ತು, ಆ ಬ್ಲಾಕಿನಲ್ಲೇ ಅದು ನಿಂತುಬಿಟ್ಟಿತು. ಅದೇ ಲೈಬ್ರರಿ ಬಳಸುತ್ತಿದ್ದ ಎಲ್‌ಎನ್‌ಡಿ ನೋಡ್‌ಗಳೂ (ಬಿಟ್‌ಕಾಯಿನ್ ಮೇಲೆ ಬೇಗ ಪಾವತಿ ಮಾಡುವ ಲೈಟ್ನಿಂಗ್ ಜಾಲದವು) ನಿಂತವು. ಸರಿಮಾಡಿದ ಮೇಲೆ ನವೆಂಬರ್ 1ರಂದು ಇನ್ನೊಂದು ಮಿತಿ ಮುಟ್ಟಿ ಮತ್ತೆ ಅದೇ ಆಯಿತು. ಕೋರ್‌ನಲ್ಲಿ ತಪ್ಪೇ ಆಗಿಲ್ಲ ಅಂತ ನಾನು ಹೇಳೋದಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ 0.16.3 ಬಂದದ್ದೇ, ಒಂದೇ ನಾಣ್ಯವನ್ನು ಎರಡು ಸಲ ಖರ್ಚು ಮಾಡಿ ಇಲ್ಲದ ನಾಣ್ಯ ಹುಟ್ಟಿಸಬಹುದಾದ ಒಂದು ಭಾರಿ ತಪ್ಪನ್ನು ಮುಚ್ಚೋಕೆ. ಆದರೆ ಬಹುಪಾಲು ನೆಟ್‌ವರ್ಕ್ ಕೋರ್ ಓಡಿಸುವಾಗ, ಅದಕ್ಕಿಂತ ಬೇರೆ ಉತ್ತರ ಕೊಡುವ ನೋಡ್ ಒಂಟಿಯಾಗಿ ನಿಲ್ಲುತ್ತೆ. ಹಣ ಇರುವ ಕಡೆ ಅದು ಬೇಡ.

ಪೈ ಬಗ್ಗೆ ಒಂದು ಮಾತು, ಅದರದೇ ಕಥೆ ಬೇರೆ. ಪೂರ್ತಿ ಸರಪಳಿ ಈಗ 600 ಜಿಬಿ ದಾಟಿದೆ, ಅದಕ್ಕೆ 1 ಟಿಬಿ ಎಸ್‌ಎಸ್‌ಡಿ ಹಾಕಿದ್ದೇನೆ. ಜಾಗ ಇಲ್ಲದವರು ಪ್ರೂನ್ ಮಾಡಬಹುದು (ಹಳೆಯ ಬ್ಲಾಕ್ ಅಳಿಸಬಹುದು), ಬ್ಲಾಕುಗಳಿಗೆ ಕನಿಷ್ಠ 550 ಎಂಬಿ ಕೊಟ್ಟರೂ ಕೋರ್ ನಡೆಯುತ್ತೆ. ಸಿಂಕ್ ಬೇಗ ಆಗಲಿ ಅಂತ 'ಡಿಬಿಕ್ಯಾಶ್' (ಡೇಟಾಬೇಸ್‌ಗೆ ಮೆಮೊರಿ ಎಷ್ಟು ಅನ್ನೋದು) ಅನ್ನು 450 ಎಂಬಿಯಿಂದ 2000ಕ್ಕೆ ಏರಿಸಿದ್ದೆ. ಬೇಗ ಆಯಿತು. ಆದರೆ ಕ್ಯಾಶ್ ದೊಡ್ಡದಾದಷ್ಟೂ ಡಿಸ್ಕಿಗೆ ಬರೆಯದೆ ಮೆಮೊರಿಯಲ್ಲೇ ಉಳಿಯೋದು ಜಾಸ್ತಿ, ಅಲ್ವಾ. ಮಳೆಗಾಲದಲ್ಲಿ ಒಂದು ಸಂಜೆ ಕರೆಂಟ್ ಹೋಯಿತು. ಮತ್ತೆ ಆನ್ ಮಾಡಿದರೆ ಡೇಟಾಬೇಸ್ ಕೆಟ್ಟಿದೆ, ರೀಇಂಡೆಕ್ಸ್ ಮಾಡು (ಡೇಟಾಬೇಸ್ ಮೊದಲಿನಿಂದ ಕಟ್ಟು) ಅಂದಿತು. ನಾನು ಮಾಡಿಬಿಡುತ್ತಿದ್ದೆ, ಗೆಳತಿ ನಿಲ್ಲಿಸಿದಳು. ಮೊದಲು ಡಿಸ್ಕ್ ನೋಡು ಅಂದಳು. ಕರ್ನಲ್ ಲಾಗ್‌ನಲ್ಲಿ ಯುಎಸ್‌ಬಿ ಪದೇ ಪದೇ ರೀಸೆಟ್ ಆಗಿತ್ತು. ಅಗ್ಗದ ಕೇಬಲ್ ಅಡಾಪ್ಟರ್. ಅದನ್ನು ಬದಲಿಸದೆ ರೀಇಂಡೆಕ್ಸ್‌ಗೆ ಬಿಟ್ಟಿದ್ದರೆ, ದಿನಗಟ್ಟಲೆ ಓಡಿ ಮತ್ತೆ ಅಲ್ಲೇ ಬೀಳುತ್ತಿತ್ತು. ಅಡಾಪ್ಟರ್ ಬದಲಿಸಿ, ಸಣ್ಣದೊಂದು ಯುಪಿಎಸ್ ಇಟ್ಟು, ಬ್ಲಾಕ್ ಫೈಲುಗಳನ್ನು ಉಳಿಸಿಕೊಂಡು ಚೈನ್‌ಸ್ಟೇಟ್ (ಖರ್ಚಾಗದೆ ಉಳಿದ ನಾಣ್ಯಗಳ ಪಟ್ಟಿ) ಮಾತ್ರ ಮತ್ತೆ ಕಟ್ಟಿದೆ.

ಈಗ ಪೈ ಮೇಲೆ ಸಹಿ ನೋಡಿದ ರೆಡಿ ಬೈನರಿ ಓಡುತ್ತಿದೆ. ಕೋಡ್ ಕೆಲಸ ಮೂವರದೂ ಡಿಪೆಂಡ್ಸ್ ಮೇಲೆ, ತಪ್ಪು ಹಿಡಿಯೋಕೆ ಕಟ್ಟುವ ಡೀಬಗ್ ಬಿಲ್ಡ್‌ನಲ್ಲಿ. ಟೆಸ್ಟ್ ಮುಗಿದಾಗ ಪಾಸ್ ಎಷ್ಟು ಅಂತ ಮಾತ್ರ ಹೇಳೋದಿಲ್ಲ, ಸ್ಕಿಪ್ ಆದವು ಯಾವುವು ಅನ್ನೋ ಪಟ್ಟಿಯನ್ನೂ ಕಳಿಸುತ್ತೇವೆ. ಹೋದ ವಾರ ನನ್ನ ಹೊಸ ಬದಲಾವಣೆ ಕಳಿಸಿದೆ. ಬೆಂಗಳೂರು, ಹುಬ್ಬಳ್ಳಿ, ಮ್ಯಾಕ್, ಮೂರೂ ಕಡೆ ಒಂದೇ ಟೆಸ್ಟ್ ಬಿತ್ತು, ಒಂದೇ ಸಾಲಿನಲ್ಲಿ, ಡೆಡ್‌ಲಾಕ್ (ಒಂದರ ಬೀಗಕ್ಕೆ ಇನ್ನೊಂದು ಕಾದು ಎರಡೂ ನಿಲ್ಲೋದು) ಆಗಬಹುದು ಅನ್ನೋ ಒಂದೇ ಎಚ್ಚರಿಕೆ. ಕೋರ್‌ನಲ್ಲಿ ಸರಪಳಿಯ ಸ್ಥಿತಿ ಕಾಯುವ ಸಿಎಸ್‌ಮೇನ್ ಲಾಕ್ ಹಿಡಿದ ಮೇಲೆ ಮೆಂಪೂಲ್ (ಬ್ಲಾಕಿಗೆ ಕಾಯುವ ವಹಿವಾಟುಗಳ ರಾಶಿ) ಲಾಕ್ ಹಿಡಿಯಬೇಕು. ನಾನು ಉಲ್ಟಾ ಹಿಡಿದಿದ್ದೆ. ಈ ಸಲ ಯಾರೂ ಲೈಬ್ರರಿ ನೋಡಲಿಲ್ಲ, ಫೈರ್‌ವಾಲ್ ನೋಡಲಿಲ್ಲ. ಎರಡು ಸಾಲು ಅದಲು ಬದಲು ಮಾಡಿ ಕಳಿಸಿದೆ, ಹತ್ತು ನಿಮಿಷಕ್ಕೆ ಹುಬ್ಬಳ್ಳಿಯಿಂದ ಪಟ್ಟಿ ಬಂತು.